ವೈನಿಯ ಹೆಸರಿನಲ್ಲಿ ಕೂತವಳು

ಮನಸ್ಸಿನ ಭಾರ ತೂಗುವ ತಕ್ಕಡಿಯೊಂದು ಸಿಕ್ಕರೆ ಏನಾದೀತು ಎಂದು ಹಿಂದಿನವರು ತಮಾಷೆಗೆ ಕೇಳುತ್ತಿದ್ದರು. ಸಿಕ್ಕ ಮೇಲೆ ತಮಾಷೆ ಮುಗಿಯಿತು. ಅದು ನೋಡಲಿಕ್ಕೆ ತಕ್ಕಡಿಯ ಹಾಗೇನೂ ಇರಲಿಲ್ಲ. ಎರಡು ಬೆರಳಗಲದ ಬೂದು ಬಟ್ಟೆ, ಹಣೆಗೆ ಕಟ್ಟಿಕೊಳ್ಳಬೇಕು, ಅಷ್ಟೆ. ಸರ್ಕಾರಿ ಆದೇಶದಲ್ಲಿ ಅದಕ್ಕೆ ಉಸಿರು ಕಟ್ಟುವಷ್ಟು ಉದ್ದದ ಹೆಸರಿತ್ತು. ಜನ ಹಣೆಪಟ್ಟಿ ಎಂದರು, ಅದೇ ಉಳಿಯಿತು.

ಅದರ ಕೆಲಸ ಸರಳ. ಪಟ್ಟಿ ಕಿವಿಯಲ್ಲಿ ಒಂದೊಂದೇ ಪದ ಹೇಳುತ್ತದೆ: ನೀರು, ಬಾಗಿಲು, ಹಸಿವು. ಕೇಳಿದವರು ಬಾಯಿಗೆ ಮೊದಲು ಬಂದದ್ದನ್ನು ಹೇಳಬೇಕು. ಮನಶ್ಶಾಸ್ತ್ರದಲ್ಲಿ ಇದು ಮುತ್ತಜ್ಜನ ಕಾಲದ ಪರೀಕ್ಷೆ. ಹೊಸದೇನೆಂದರೆ, ಕೇಳಿದ ಪದಕ್ಕೂ ಹೇಳಿದ ಪದಕ್ಕೂ ನಡುವಿನ ಆ ಚೂರು ಹೊತ್ತಿನಲ್ಲಿ ಹಣೆಯೊಳಗೆ ರಕ್ತ ಹೇಗೆ ಹರಿಯಿತು, ಚರ್ಮ ಎಷ್ಟು ಬೆವರಿತು, ಉಸಿರು ಎಲ್ಲಿ ತಡೆಯಿತು ಎಂಬುದನ್ನೆಲ್ಲ ಪಟ್ಟಿ ಹಿಡಿದಿಟ್ಟುಕೊಳ್ಳುತ್ತಿತ್ತು. ಕೊನೆಗೆ ಒಂದು ಅಂಕಿ, ಅಂಕಿಗೊಂದು ಬಣ್ಣ. ಹಸಿರಾದರೆ ನಿಶ್ಚಿಂತೆ. ಹಳದಿಯಾದರೆ ಜೋಪಾನ. ಕೆಂಪಾದರೆ ಆ ಮನುಷ್ಯನಿಗೆ ತನ್ನ ಜೀವವೇ ಭಾರವಾಗಿದೆ ಎಂದು ಅರ್ಥ.

ಇಷ್ಟು ಜನರ ಹಣೆಗೆ ಪಟ್ಟಿ ಕಟ್ಟುವವರು ಯಾರು? ಡಾಕ್ಟರುಗಳು ಎಲ್ಲಿ ಸಾಲಬೇಕು? ಆಗ ಯಾರೋ ದೊಡ್ಡ ಅಧಿಕಾರಿಗೆ ಬಿ.ಎ. ಮನಶ್ಶಾಸ್ತ್ರದ ಹುಡುಗಿಯರು ನೆನಪಾದರು. ಬೇರೆಲ್ಲೂ ಸೀಟು ಸಿಗದವರು, ಮದುವೆ ಗೊತ್ತಾಗುವ ತನಕ ಎಲ್ಲೋ ಒಂದು ಕಡೆ ಇರಲಿ ಎಂದು ಮನೆಯವರು ಸೇರಿಸಿದವರು ಕೂರುತ್ತಿದ್ದ ತರಗತಿ ಅದು. ಕೊನೆಯ ವರ್ಷದ ಪ್ರತಿ ವಿದ್ಯಾರ್ಥಿನಿ ತನ್ನ ಮನೆ, ಓಣಿಯ ಹತ್ತು ಜನರಿಗೆ ಪಟ್ಟಿ ಕಟ್ಟಬೇಕು; ಅವಳಿಗೆ ಪ್ರಾಕ್ಟಿಕಲ್ ಅಂಕ, ಸರ್ಕಾರಕ್ಕೆ ಊರಿನ ಮನಸ್ಸಿನ ಲೆಕ್ಕ. ಒಂದೇ ಆದೇಶದಲ್ಲಿ ಮನಶ್ಶಾಸ್ತ್ರಕ್ಕೆ ಮರ್ಯಾದೆ ಬಂತು. ಗದಗ-ಬೆಟಗೇರಿಯ ಮಹಿಳಾ ಕಾಲೇಜಿನಲ್ಲಿ ಅಡ್ಮಿಶನ್ನಿಗೆ ಗೇಟಿನ ಹೊರಗೂ ಸರದಿ ನಿಲ್ಲತೊಡಗಿತು.

ಆದರೆ ಒಂದು ಕಟ್ಟುಪಾಡು ಇತ್ತು. ಪಟ್ಟಿ ಯಾರನ್ನೂ ಗುರುತಿಸಬಾರದು. ಮೊದಮೊದಲು ಗಂಡಂದಿರು ಹೆಂಡತಿಯರ ಹಣೆ ಓದಿದರು, ಮಾಲೀಕರು ಕೆಲಸದವರ ಹಣೆ ಓದಿದರು, ದೊಡ್ಡ ಗಲಾಟೆಯಾಯಿತು. ಆಮೇಲೆ ಮುಖ, ಬೆರಳು, ದನಿ ಯಾವುದನ್ನೂ ಪಟ್ಟಿ ಇಟ್ಟುಕೊಳ್ಳಕೂಡದೆಂದು ಕಾನೂನಾಯಿತು. ಒಳ್ಳೆಯ ಕಾನೂನೇ. ಕೂತವರು ಯಾರು, ವಯಸ್ಸೆಷ್ಟು, ಮದುವೆಯಾಗಿದೆಯೇ, ಎದೆಹಾಲು ಕುಡಿಯುವ ಕೂಸಿದೆಯೇ ಎಂಬುದನ್ನು ವಿದ್ಯಾರ್ಥಿನಿ ತುಂಬಿದರೆ ಅದೇ ಸತ್ಯ. ಇಡೀ ಜಿಲ್ಲೆಯ ಲೆಕ್ಕ ಇಪ್ಪತ್ತು ವರ್ಷದ ಹುಡುಗಿಯರ ಮಾತಿನ ಮೇಲೆ ನಿಂತಿತ್ತು.

ಆ ಹುಡುಗಿಯರ ವಿಷಯಕ್ಕೆ ಬಂದರೆ, ಅವರಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಪರೀಕ್ಷೆಗೆ ಕೂರುವವರನ್ನು ಅವರು ‘ಸಬ್ಜೆಕ್ಟ್’ ಎನ್ನುತ್ತಿದ್ದರು. ಕನ್ನಡಿ ನೋಡುತ್ತ ನಕ್ಷತ್ರ ತಿದ್ದಿಸುವ, ಎರಡು ಗೆರೆಗಳಲ್ಲಿ ಉದ್ದದ್ದು ಯಾವುದೆಂದು ಕೇಳುವ ಪ್ರಯೋಗಗಳ ಕಾಲದಿಂದಲೂ ಸಬ್ಜೆಕ್ಟ್ ಸಿಗುವುದು ಕಷ್ಟ. ಅತ್ತೆಗೆ ಪುರುಸೊತ್ತಿಲ್ಲ, ಕಾಕಾನಿಗೆ ನಂಬಿಕೆಯಿಲ್ಲ. ಅದಕ್ಕೆ ಸೀನಿಯರುಗಳು ಜೂನಿಯರುಗಳಿಗೆ ಕಿವಿಯಲ್ಲಿ ಹೇಳಿಕೊಡುತ್ತಿದ್ದ ಉಪಾಯ ಒಂದೇ: ನೀನೇ ಕೂತುಬಿಡು, ಹೆಸರು ಮಾತ್ರ ಅತ್ತೆಯದು ಬರಿ. ವರ್ಷಗಟ್ಟಲೆ ಹೀಗೆ ನಡೆದಿತ್ತು, ಯಾರ ಕೂದಲೂ ಕೊಂಕಿರಲಿಲ್ಲ. ಉಪಕರಣ ಬದಲಾಯಿತು, ಪದ್ಧತಿ ಉಳಿಯಿತು.

ದಾಕ್ಷಾಯಿಣಿ ಅಂಥ ಹುಡುಗಿಯರಲ್ಲಿ ಒಬ್ಬಳು. ಬೆಟಗೇರಿಯವಳು, ಬಿ.ಎ. ಕೊನೆಯ ವರ್ಷ. ಬಸ್ ಡ್ರೈವರ್ ಆಗಿದ್ದ ಅಪ್ಪ ಅವಳು ಪಿಯುಸಿಯಲ್ಲಿದ್ದಾಗ ಎದೆನೋವು ಎಂದವನು ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟಿದ್ದ. ಅವ್ವ ಗೋಡೆಗೆ ಮುಖ ಮಾಡಿ ಮಲಗಿದಳು. ಅಣ್ಣ ವೀರೇಶ ಕಪ್ಪತಗುಡ್ಡದ ಗಾಳಿಯಂತ್ರಗಳ ದುರಸ್ತಿಗೆ ಹೋಗಿ ವಾರಕ್ಕೊಮ್ಮೆ ಬರುತ್ತಿದ್ದ. ಆ ಸತ್ತ ಮನೆಯಲ್ಲಿ ಮೊದಲು ನಗಿಸಿದವಳು ದಾಕ್ಷಿ. ಓಣಿಯವರ ನಡಿಗೆ, ಮಾತು ಅಣಕಿಸಿ ತೋರಿಸುತ್ತಿದ್ದಳು, ಅವ್ವ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಅಂದಿನಿಂದ ಆ ಮನೆಯಲ್ಲಿ ನಗಿಸುವ ಗುತ್ತಿಗೆ ಅವಳದಾಯಿತು. ಗುತ್ತಿಗೆ ಹಿಡಿದವಳನ್ನು ನಿನಗೆ ಹೇಗಿದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವಳು ಒಂದು ನಗೆಚಟಾಕಿ ಹಾರಿಸಿ ತಪ್ಪಿಸಿಕೊಳ್ಳುತ್ತಿದ್ದಳು.

ಮನಶ್ಶಾಸ್ತ್ರ ಓದಿ ಎಲ್ಲರ ಮನಸ್ಸು ಬಿಡಿಸಿ ಹೇಳುವುದರಲ್ಲಿ ಅವಳು ತರಗತಿಗೇ ಮುಂದು. ಅಣ್ಣನ ಸಿಟ್ಟಿಗೆ ಕಾರಣ ಗೊತ್ತು, ಅವ್ವನ ತಲೆನೋವಿಗೆ ಕಾರಣ ಗೊತ್ತು, ಪಕ್ಕದ ಮನೆಯ ಮುದುಕ ನಾಯಿಗೆ ಬೈಯುವುದೇಕೆಂದೂ ಗೊತ್ತು. ಕೆಲವು ದಿನ ಬೆಳಿಗ್ಗೆ ಎದ್ದಾಗ ತನ್ನ ಕೈಕಾಲು ತನ್ನವಲ್ಲ ಅನ್ನಿಸುವುದಕ್ಕೆ, ರೈಲ್ವೆ ಗೇಟಿನಲ್ಲಿ ನಿಂತಾಗ ಇನ್ನು ಸಾಕು ಎಂಬ ಮಾತು ಎಲ್ಲಿಂದಲೋ ತೇಲಿ ಬರುವುದಕ್ಕೆ ಮಾತ್ರ ಅವಳು ಕಾರಣ ಹುಡುಕಿರಲಿಲ್ಲ. ಅದಕ್ಕೆ ದಣಿವು ಎಂದು ಹೆಸರಿಟ್ಟುಬಿಟ್ಟಿದ್ದಳು.

ಒಂಬತ್ತು ಸಬ್ಜೆಕ್ಟ್ ಮುಗಿದಿದ್ದವು. ಹತ್ತನೆಯವಳು ಅಣ್ಣನ ಹೆಂಡತಿ ಸುವರ್ಣಾ, ದಾಕ್ಷಿ ವೈನಿ ಎಂದು ಕರೆಯುತ್ತಿದ್ದವಳು. ಐದು ತಿಂಗಳ ಹೆಣ್ಣುಕೂಸಿನ ತಾಯಿ. ನಕ್ಕರೆ ಪೂರ್ತಿ ನಗುವವಳು, ಬೈದರೆ ಪೂರ್ತಿ ಬೈಯುವವಳು.

“ವೈನಿ, ಇವತ್ತ ಕುಂದರ್ರಿ, ನಾಳೆ ಕೊಡೂದೈತಿ,” ಎಂದು ದಾಕ್ಷಿ ಪಟ್ಟಿ ಹಿಡಿದು ಹಿಂದೆ ಹಿಂದೆ ಸುತ್ತಿದಳು.

“ಕೂಸಿಗೆ ಸೂಜಿ ಹಾಕಿಸ್ಕೊಂಡು ಬಂದೀನಿ, ಮೈ ಕೆಂಡ ಆಗೇತಿ. ಈಗ ನಿನ್ನ ಪಟ್ಟಿ ಕಟ್ಕೊಂಡು ಕುಂದರ್ಲೇನು? ನಾಳೆ ಮುಂಜಾನೆ ಬಾ, ನಿಮ್ಮಣ್ಣನ ಬಗ್ಗೆ ಕೇಳು, ಬೇಕಾದಷ್ಟು ಹೇಳ್ತೀನಿ!”

ಮುಂಜಾನೆಯೂ ಕೂಸಿನ ಜ್ವರ ಇಳಿಯಲಿಲ್ಲ. ಕಾಲೇಜಿಗೆ ಹೊತ್ತಾಗುತ್ತಿತ್ತು. ದಾಕ್ಷಿ ಮಾಳಿಗೆ ಹತ್ತಿ, ಒಣಹಾಕಿದ್ದ ಸಂಡಿಗೆಯ ಪಕ್ಕ ಕೂತು, ಹೆಸರು: ಸುವರ್ಣಾ, ವಯಸ್ಸು ಇಪ್ಪತ್ತಾರು, ಎದೆಹಾಲಿನ ಕೂಸಿದೆ ಎಂದು ತುಂಬಿ, ಪಟ್ಟಿಯನ್ನು ತನ್ನ ಹಣೆಗೆ ಬಿಗಿದುಕೊಂಡಳು. ಕಾಗೆ ಓಡಿಸುತ್ತ ಓಡಿಸುತ್ತಲೇ ಪದಗಳಿಗೆ ಪದ ಹೇಳಿ ಮುಗಿಸಿದಳು. ಬಣ್ಣ ವಿದ್ಯಾರ್ಥಿನಿಗೆ ಕಾಣುವುದಿಲ್ಲ, ನೇರ ಕಾಲೇಜಿಗೆ ಹೋಗುತ್ತದೆ. ಅವಳು ಪಟ್ಟಿ ಮಡಚಿ ಬ್ಯಾಗಿಗೆ ಹಾಕಿ ಬಸ್ಸಿಗೆ ಓಡಿದಳು.

ಕಾಲೇಜಿನ ಮೇಲಂತಸ್ತಿನಲ್ಲಿ ಅಂಕಿಕೋಣೆ ಇತ್ತು. ಜಿಲ್ಲೆಯ ಹಣೆಪಟ್ಟಿಗಳೆಲ್ಲ ಮಾತಾಡುವುದು ಅಲ್ಲಿಗೆ. ಗೋಡೆಯ ತುಂಬ ಗದಗಿನ ನಕ್ಷೆ, ಓಣಿ ಓಣಿಯಲ್ಲಿ ಬಣ್ಣದ ಚುಕ್ಕೆಗಳು. ಮನಶ್ಶಾಸ್ತ್ರದ ಮುಖ್ಯಸ್ಥೆ ಹೊಂಬಳ ಮೇಡಂ ಅದರ ಉಸ್ತುವಾರಿ. ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ಹುಡುಗಿಯರು ಅವರಿಗೆ ಹೆದರುತ್ತಿದ್ದರು, ಹಿಂದಿನಿಂದ ಮೆಚ್ಚುತ್ತಿದ್ದರು. ಅಂದು ಮಧ್ಯಾಹ್ನ ಅಲ್ಲಿ ಕೆಲಸದ ಸರದಿ ದಾಕ್ಷಿಯದು. ಬೆಟಗೇರಿಯ ಹಸಿರು ಚುಕ್ಕೆಗಳ ನಡುವೆ ಒಂದು ಕೆಂಪು ಹೊತ್ತಿಕೊಂಡಿತು.

“ಯಾರ ಸಬ್ಜೆಕ್ಟ್ ಇದು?” ಮೇಡಂ ಕನ್ನಡಕ ಸರಿಮಾಡಿಕೊಂಡರು. ಹೆಸರು ತೆರೆದು ಓದಿದರು. ದನಿ ಸಣ್ಣದಾಯಿತು. “ದಾಕ್ಷಾಯಿಣಿ, ನಿಮ್ಮ ವೈನಿ ಅಲ್ಲೇನವಾ?”

ದಾಕ್ಷಿ ಗೋಡೆಯ ಚುಕ್ಕೆಯತ್ತ ತಿರುಗಿದಳು. ಬಾಯಿ ತೆರೆದಳು. ಇಲ್ಲರೀ, ನಾನು ಕುಂತಿದ್ದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮೇಡಂ ಎದ್ದು ಬಂದು ಅವಳ ಹೆಗಲ ಮೇಲೆ ಕೈಯಿಟ್ಟರು. ಮೂರು ವರ್ಷದಲ್ಲಿ ಅವರು ಯಾರ ಹೆಗಲೂ ಮುಟ್ಟಿದವರಲ್ಲ.

“ಸ್ವಂತ ಮನ್ಯಾಗ ಹಿಡಿಯೂದು ಭಾಳ ಕಷ್ಟ. ಮಂದಿ ಮುಚ್ಚಿ ಇಡ್ತಾರ. ನೀ ಹಿಡದಿ. ಎರಡು ಜೀವ ಉಳಿಸಿದಿ, ತಿಳ್ಕೊ.” ಪಕ್ಕದ ಮೇಜಿನ ಹುಡುಗಿಯರು ಕೆಲಸ ಬಿಟ್ಟು ನೋಡುತ್ತಿದ್ದರು. “ಎಲ್ಲಾರೂ ನೋಡ್ಕೊಳ್ರಿ, ಹಿಂಗ ಮಾಡಬೇಕು ಪ್ರಾಕ್ಟಿಕಲ್.”

ದಾಕ್ಷಿಯ ಬಾಯಿ ಮುಚ್ಚಿಕೊಂಡಿತು. ಹೊಗಳಿಕೆ ಅಷ್ಟು ಕೆಟ್ಟ ಕೆಲಸ ಮಾಡಬಲ್ಲದೆಂದು ಯಾವ ಪಠ್ಯದಲ್ಲೂ ಇರಲಿಲ್ಲ. ಸುಳ್ಳು ಹೆಸರು ತುಂಬಿದರೆ ಡಿಗ್ರಿ ರದ್ದೆಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದದ್ದು ಕಣ್ಣಿಗೆ ಬಿತ್ತು. ಪಟ್ಟಿ ಬಿಸಿಲಿಗೆ ಕೆಟ್ಟಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಕೆಂಪಾದವರನ್ನು ಕಾನೂನಿನಂತೆ ಇನ್ನೊಮ್ಮೆ ಪರೀಕ್ಷೆ ಮಾಡುತ್ತಾರೆ. ವೈನಿ ಕೂತರೆ ಹಸಿರೋ ಹಸಿರು. ಎರಡು ದಿನದ ಮಾತು, ಯಾರಿಗೂ ಗೊತ್ತಾಗದೆ ಮುಗಿದುಹೋಗುತ್ತದೆ.

ಒಂಟಿ ಹುಡುಗಿಯ ಹಣೆ ಕೆಂಪಾಗಿದ್ದರೆ ಒಂದು ಸಂದೇಶ ಬರುತ್ತಿತ್ತು, ಅಷ್ಟೆ. ಬಾಣಂತಿಯದಾದರೆ ವ್ಯಾನ್ ಬರುತ್ತದೆ, ತಾಯಿಯನ್ನು ಆಸರೆ ಕೇಂದ್ರಕ್ಕೂ ಕೂಸನ್ನು ಬೇರೆ ಕಡೆಗೂ ಒಯ್ಯುತ್ತದೆ. ಎಲ್ಲೋ ಯಾವಳೋ ತಾಯಿ ಕೂಸಿನ ಸಮೇತ ಹೋಗಿಬಿಟ್ಟ ವರ್ಷ ಮಾಡಿದ ಕಾಯ್ದೆ ಅದು. ಕೂಸನ್ನು ಕಾಯುವುದಕ್ಕೆಂದೇ ಮಾಡಿದ್ದು, ಮಾಡಿದವರ ಕಣ್ಣಲ್ಲಿ ನೀರೂ ಇತ್ತು.

ಸಂಜೆ ದಾಕ್ಷಿ ಮನೆ ಮುಟ್ಟುವಾಗ ವ್ಯಾನ್ ಬಾಗಿಲಲ್ಲಿತ್ತು. ಆಸರೆ ಕೇಂದ್ರದ ಇಬ್ಬರು ಹೆಂಗಸರು, ತಿಳಿಹಸಿರು ಸೀರೆ, ಜೇನಿನಂಥ ಮಾತು. ಒಬ್ಬಳ ತೋಳಿನಲ್ಲಿ ಆಗಲೇ ಕೂಸು ಇತ್ತು. ಅವ್ವ ಹೊಸ್ತಿಲಿಗೆ ಅಡ್ಡ ಕೂತು ಎದೆ ಬಡಿದುಕೊಳ್ಳುತ್ತಿದ್ದಳು.

“ನಂಗೇನಾಗೇತ್ರಿ? ನಾ ಛಲೋ ಅದೀನಿ!” ವೈನಿಯ ದನಿ ಓಣಿಗೆಲ್ಲ ಕೇಳುತ್ತಿತ್ತು.

“ಹೌದ್ರಿ ಅಕ್ಕಾರ, ಎಲ್ಲಾರಿಗೂ ಮೊದಲು ಹಂಗ ಅನ್ನಿಸ್ತೈತಿ,” ಎಂದಳು ಒಬ್ಬಳು.

“ನಾ ಪಟ್ಟೀನ ಕಟ್ಕೊಂಡಿಲ್ಲ!”

“ಅದೂ ಮರ್ತಿರ್ತೈತ್ರಿ. ಮನಸ್ಸಿಗೆ ಭಾಳ ಭಾರ ಆದಾಗ ನೆನಪು ಹಿಂಗ ಆಗತೈತಿ.”

ಪುಸ್ತಕದಲ್ಲಿ ಇದ್ದದ್ದೇ ಅದು. ದಾಕ್ಷಿಯೇ ಅದನ್ನು ಬರೆದು ಅಂಕ ಪಡೆದಿದ್ದಳು. ವೈನಿ ಅವಳನ್ನು ಕಂಡದ್ದೇ ಓಡಿಬಂದು ಎರಡೂ ಕೈ ಹಿಡಿದಳು. “ದಾಕ್ಷಿ, ಬಂದೀ? ನಿನ್ನ ಓದಿನ ಮಂದಿ ಇವರು. ನೀ ಹೇಳು. ನನಗ ಕಟ್ಟಿಲ್ಲಂತ ಹೇಳು ಇವರಿಗೆ!”

ದಾಕ್ಷಿ ಹೇಳಬಹುದಿತ್ತು. ಆ ಕ್ಷಣದಲ್ಲಿ ಹೇಳಿದ್ದರೆ ವ್ಯಾನ್ ಖಾಲಿ ಹೋಗುತ್ತಿತ್ತು. ಅವಳು ವೈನಿಯ ಕೈ ಒತ್ತಿ, “ಎರಡ ದಿನ ಅಷ್ಟ ರೀ ವೈನಿ, ಇನ್ನೊಮ್ಮೆ ನೋಡಿ ಕಳಿಸ್ತಾರ,” ಎಂದಳು. ವೈನಿ ಅವಳ ಮುಖವನ್ನು ದಿಟ್ಟಿಸಿದಳು. ಆಮೇಲೆ ಕೈ ಬಿಟ್ಟಳು. ಕೂಸು ಒಂದು ಕಡೆಗೆ, ತಾಯಿ ಇನ್ನೊಂದು ಕಡೆಗೆ. ವ್ಯಾನಿನ ಕಿಟಕಿಯಲ್ಲಿ ವೈನಿಯ ಕುಪ್ಪಸದ ಮೇಲೆ ಹಾಲು ಇಳಿದು ಒದ್ದೆಯಾಗಿದ್ದು ಕಾಣುತ್ತಿತ್ತು.

ಆ ದಿನಗಳು ಹೇಗೆ ಕಳೆದವೆಂದು ಬಣ್ಣಿಸಿ ಪ್ರಯೋಜನವಿಲ್ಲ. ಅಣ್ಣ ಗುಡ್ಡದಿಂದ ಇಳಿದು ಬಂದು ಕೇಂದ್ರದ ಗೇಟಿಗೆ ನಿಂತ, ಒಳಗೆ ಬಿಡಲಿಲ್ಲ. ಅವ್ವ ಒಲೆ ಹೊತ್ತಿಸಲಿಲ್ಲ. ದಾಕ್ಷಿ ಗುತ್ತಿಗೆಯಂತೆ ನಗಿಸಲು ನೋಡಿದಳು, ಅವ್ವ ತಿರುಗಿ, “ನಿಂಗ ನಗು ಹ್ಯಾಂಗ ಬರತೈತಿ?” ಎಂದಳು.

ಮರುಪರೀಕ್ಷೆಯ ಫಲಿತಾಂಶ ಬರುವ ದಿನ ಅವಳು ಅಂಕಿಕೋಣೆಯಲ್ಲಿ ಗೋಡೆಯಿಂದ ಕಣ್ಣು ಕೀಳಲಿಲ್ಲ. ಬೆಟಗೇರಿಯ ಚುಕ್ಕೆ ಒಮ್ಮೆ ಆರಿತು. ಆಮೇಲೆ ಹೊತ್ತಿಕೊಂಡಿತು. ಕೆಂಪು.

ಈ ಸಲ ಪಟ್ಟಿ ನಿಜವಾಗಿಯೂ ಸುವರ್ಣಾಳ ಹಣೆಯ ಮೇಲೇ ಇತ್ತು. ಮೇಡಂ ಪಟ್ಟಿ ಬರೆದ ಏರಿಳಿತದ ಗೆರೆಗಳನ್ನು ತೆರೆದು ತೋರಿಸಿದರು. ಕೂಸು ಎಂಬ ಪದದ ಹತ್ತಿರ ಗೆರೆ ಗೋಡೆಯಂತೆ ಎದ್ದು ನಿಂತಿತ್ತು. ಹಾಲು, ತೊಟ್ಟಿಲು, ಮನೆ, ಎಲ್ಲ ಕಡೆ ಹಾಗೆಯೇ. ಹಾಲು ಕಟ್ಟಿ ಎದೆ ಕಲ್ಲಾದ, ಕೂಸು ಎಲ್ಲಿದೆಯೆಂದೇ ತಿಳಿಯದ ತಾಯಿಯ ಹಣೆ ಇನ್ಯಾವ ಬಣ್ಣ ತೋರಿಸಬೇಕಿತ್ತು? ಇಲ್ಲದ ರೋಗಕ್ಕೆ ಒಯ್ದು, ಒಯ್ದದ್ದರಿಂದಲೇ ರೋಗ ತರಿಸಿದ್ದರು. ಪಟ್ಟಿಗೆ ಅದು ತಿಳಿಯುವಂತಿರಲಿಲ್ಲ. ಅದು ಭಾರ ತೂಗುತ್ತದೆ, ಭಾರ ಹೇರಿದವರು ಯಾರೆಂದು ಕೇಳುವುದಿಲ್ಲ.

“ಇನ್ನ ಮೂರು ತಿಂಗಳು ಕೂಸನ್ನ ಕೊಡೂದಿಲ್ಲ,” ಎಂದರು ಮೇಡಂ. “ನೀ ಧೈರ್ಯ ತಗೋಬೇಕು.”

“ಮೇಡಂ, ಮೊದಲನೇದು ವೈನೀದಲ್ಲರೀ,” ಎಂದಳು ದಾಕ್ಷಿ. ತನ್ನ ದನಿ ಬೇರೆ ಯಾರದೋ ಎನ್ನಿಸಿತು. “ವೈನಿ ಹೆಸರು ಬರದು ನಾ ಕುಂತಿದ್ದೆ.”

ಮೇಡಂ ತಲೆ ಎತ್ತಲಿಲ್ಲ. “ಮನ್ಯಾಗ ಹೇಳಿಕೊಟ್ಟು ಕಳಿಸ್ಯಾರೇನು? ಹೋದ ವರ್ಷ ಒಬ್ಬ ಗಂಡ ಬಂದು ನಾನ ಕುಂತಿದ್ದೆ ಅಂತ ಕಾಲಿಗೆ ಬಿದ್ದ. ಹೆಂಡ್ತೀನ ಬಿಡಿಸ್ಕೊಂಡು ಹೋಗಾಕ ಎಲ್ಲಾರೂ ಇದನ್ನ ಹೇಳ್ತಾರ.”

“ನಾ ಸುಳ್ಳು ಹೇಳಾಕತ್ತಿಲ್ಲರೀ. ನನಗ ಕಟ್ಟಿ ನೋಡ್ರಿ. ಗೆರಿ ಕೂಡಿಸಿ ನೋಡ್ರಿ.”

ಹೌದು, ಅದೊಂದು ದಾರಿಯಿತ್ತು. ಪಟ್ಟಿ ಯಾರನ್ನೂ ಗುರುತು ಹಿಡಿಯಬಾರದು ನಿಜ. ಆದರೆ ಒಬ್ಬರು ತಾವಾಗಿಯೇ ಒಪ್ಪಿ ಕೂತರೆ ಹಳೆಯ ಗೆರೆಯನ್ನು ಹೊಸದರ ಪಕ್ಕ ಇಟ್ಟು ನೋಡಬಹುದಿತ್ತು. ಪದ ಕೇಳಿ ತಡವರಿಸುವ ರೀತಿ ಒಬ್ಬೊಬ್ಬರದು ಒಂದೊಂದು ಥರ, ನಡಿಗೆಯ ಹಾಗೆ.

ಮೇಡಂ ಈಗ ಅವಳನ್ನು ನೋಡಿದರು. “ಕೂಡಲಿಲ್ಲಂದ್ರ ಸುಳ್ಳು ಹೇಳಿದಿ ಅಂತ ಆತು. ಕೂಡಿದ್ರ ನಿನ್ನ ಡಿಗ್ರಿ ಹೋತು. ವಿಚಾರ ಮಾಡಿದ್ಯೇನು?”

“ಮಾಡೀನ್ರಿ.”

“ಇನ್ನೊಂದು ಮಾತು ವಿಚಾರ ಮಾಡಿಲ್ಲ ನೀನು.” ಮೇಡಂ ಗೋಡೆಯ ಚುಕ್ಕೆ ತೋರಿಸಿದರು. “ಕೂಡಿದ್ರ, ಆ ಕೆಂಪು ಯಾರದು?”

ದಾಕ್ಷಿ ಕಣ್ಣು ಪಿಳಿಪಿಳಿ ಬಿಟ್ಟಳು. ಮೂರು ವರ್ಷ ಮನಶ್ಶಾಸ್ತ್ರ ಓದಿದ ಹುಡುಗಿಗೆ ಆ ತನಕ ಇದು ಹೊಳೆದೇ ಇರಲಿಲ್ಲ. ಪಟ್ಟಿ ಕೆಟ್ಟಿದೆ ಎಂದಿದ್ದಳು, ಬಿಸಿಲು ಎಂದಿದ್ದಳು. ಪಟ್ಟಿ ಸರಿಯಿದ್ದು, ಅದು ಹೇಳಿದ್ದು ನಿಜವೇ ಆಗಿದ್ದು, ಹೇಳಿದ್ದು ತನ್ನ ಬಗ್ಗೆಯೇ ಆಗಿದ್ದರೆ ಎಂಬ ಯೋಚನೆ ಆ ತಲೆಗೆ ಬಂದಿರಲಿಲ್ಲ. ಅವಳು ಪಟ್ಟಿಗೆ ಕೈ ಚಾಚಿದಳು. ಮೇಡಂ ಉಳಿದ ಹುಡುಗಿಯರನ್ನು ಹೊರಗೆ ಕಳಿಸಿ, ತಾವೇ ಅವಳ ಹಣೆಗೆ ಕಟ್ಟಿದರು.

ನೀರು, ಅಂದಿತು ಪಟ್ಟಿ. “ಕೊಡ,” ಎಂದಳು. ಬಾಗಿಲು. “ಕೀಲಿ.” ಅಪ್ಪ. “ಬಸ್ಸು.” ಸರಾಗವಾಗಿ ಹೋಗುತ್ತಿತ್ತು. ಹೂವು, ಮಾರ್ಕೆಟ್ಟು. ಹಸಿವು, ರೊಟ್ಟಿ.

ನಗು.

ದಾಕ್ಷಿ ಬಾಯಿ ತೆರೆದಳು. ಏನೂ ಬರಲಿಲ್ಲ. ಜೀವನವೆಲ್ಲ ಮಾಡಿದ್ದು ಅದನ್ನೇ, ಅದಕ್ಕೆ ಒಂದೇ ಒಂದು ಜೋಡಿ ಪದ ಸಿಗಲಿಲ್ಲ. ಮಾಳಿಗೆಯ ಮೇಲೆ ಈ ಪದಕ್ಕೆ ಏನು ಹೇಳಿದ್ದೆನೆಂದು ನೆನೆಸಿಕೊಂಡಳು. ಅಲ್ಲಿಯೂ ಹೇಳಿರಲಿಲ್ಲ, ಕಾಗೆ ಓಡಿಸಲು ಎದ್ದಿದ್ದಳು. ಪಟ್ಟಿ ಕಾದು, ಮುಂದಿನ ಪದಕ್ಕೆ ಹೋಯಿತು.

ನಾಳೆ.

“ಬ್ಯಾಡ,” ಎಂದಳು ದಾಕ್ಷಿ.

ಹೇಳಿದ ಮೇಲೆ ಆ ಮಾತನ್ನು ತಾನೇ ಕೇಳಿಸಿಕೊಂಡಳು. ಮಾಳಿಗೆಯಲ್ಲೂ ಇದೇ ಹೇಳಿದ್ದಳು, ಕೇಳಿಸಿಕೊಂಡಿರಲಿಲ್ಲ ಅಷ್ಟೆ. ಭಯವಾಯಿತು. ಬೇರೆ ಯಾರೋ ತನ್ನೊಳಗೆ ವರ್ಷಗಳಿಂದ ಇದ್ದು ಈಗಷ್ಟೇ ಕೆಮ್ಮಿದ ಹಾಗೆ ಭಯವಾಯಿತು.

ಪರದೆಯ ಮೇಲೆ ಎರಡು ಗೆರೆ ಒಂದರ ಮೇಲೊಂದು ಕೂತವು. ಎಲ್ಲಿಯೂ ಕೂದಲೆಳೆಯಷ್ಟು ತಪ್ಪಲಿಲ್ಲ. ಹೊಂಬಳ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ದಿನ ಯಾವ ಹುಡುಗಿಯನ್ನು ಹೊಗಳಿ ಹೆಗಲು ತಟ್ಟಿದ್ದರೋ ಅವಳದೇ ಕೆಂಪನ್ನು ಕೈಯಲ್ಲಿಟ್ಟುಕೊಂಡು ತಟ್ಟಿದ್ದರು. ಅದು ಅವರಿಗೂ ತಟ್ಟಿತು.

“ಹೆಗಲ ಮ್ಯಾಲೆ ಕೈ ಇಟ್ಟಿದ್ದೆ. ಆಗಾದ್ರೂ ತಿಳೀಬಾರದಾ ನನಗ,” ಎಂದರು. ದಾಕ್ಷಿಗೆ ಹೇಳಿದಂತಿರಲಿಲ್ಲ.

ಆಮೇಲೆ ಜಿಲ್ಲಾ ಅಧಿಕಾರಿಯನ್ನು ಪರದೆಗೆ ಕರೆದರು. ಅವನು ಎಲ್ಲ ಕೇಳಿ, ತಲೆ ಕೆರೆದುಕೊಂಡ. ಮೊದಲನೆಯದು ಸುಳ್ಳು ಹೆಸರು, ಒಪ್ಪಿದ. ಆದರೆ ಎರಡನೆಯ ಕೆಂಪು ಆ ಹೆಂಗಸಿನದೇ ಅಲ್ಲವೇ? ಕೂಸನ್ನು ಹೇಗೆ ಕೊಡುವುದು?

“ನೀವು ಕೂಸನ್ನ ಕಸ್ಕೊಂಡದ್ದಕ್ಕ ಆಕೀ ಕೆಂಪಾಗ್ಯಾಳ. ಕೊಟ್ರ ಇಳೀತೈತಿ.”

“ಅದು ನಿಮ್ಮ ಊಹೆ ಮೇಡಂ. ಅಂಕಿ ಊಹೆ ಅಲ್ಲ. ಕೂಸಿಗೆ ಏನಾದರೂ ಆದರೆ?”

“ಆದ್ರ ನನ್ನ ಹೆಸರು ಬರಕೊಳ್ರಿ. ಹೊಂಬಳ ಅಂತ. ಇಪ್ಪತ್ತೆರಡು ವರ್ಷ ಈ ಶಾಸ್ತ್ರ ಕಲಿಸೀನಿ, ಒಮ್ಮೆರ ಅದರ ಮ್ಯಾಲೆ ನಿಂದರ್ತೀನಿ.”

ಅಧಿಕಾರಿ ಹೆಸರು ಬರೆದುಕೊಂಡ. ಜವಾಬ್ದಾರಿ ಹೊರುವವರು ಸಿಕ್ಕ ಕೂಡಲೇ ಅವನ ಕಷ್ಟ ಕಳೆದಿತ್ತು.

ಮರುದಿನ ವೈನಿ ಬಂದಳು, ಕೂಸೂ ಬಂತು. ಅವ್ವ ಬಾಗಿಲಲ್ಲಿ ಆರತಿ ಎತ್ತಿದಳು. ಕೂಸು ಬಾಟಲಿಗೆ ರೂಢಿಯಾಗಿತ್ತು. ವೈನಿ ಎದೆಗೆ ಹಿಡಿದರೆ ಮುಖ ತಿರುವಿ ಚೀರಿತು. ಮತ್ತೆ ಹಿಡಿದಳು, ಮತ್ತೆ ಚೀರಿತು. ಕೇಂದ್ರದಲ್ಲಿ ಒಂದು ಹನಿ ಕಣ್ಣೀರು ಹಾಕದೆ ಬಂದಿದ್ದ ಸುವರ್ಣಾ ಆಗ ಅತ್ತಳು, ಬಾಯಿಬಿಟ್ಟು ಅತ್ತಳು.

ದಾಕ್ಷಿ ಎಲ್ಲರ ಮುಂದೆ ನಿಂತು ನಡೆದದ್ದನ್ನು ಹೇಳಿದಳು. ಯಾವುದನ್ನೂ ಮುಚ್ಚಲಿಲ್ಲ; ವ್ಯಾನ್ ಬಂದ ದಿನ ಗೊತ್ತಿದ್ದೂ ಬಾಯಿ ಕಟ್ಟಿಕೊಂಡು ನಿಂತದ್ದನ್ನೂ ಹೇಳಿದಳು. ಅಣ್ಣ ಎದ್ದು ಬಂದ, ಹೊಡೆಯುತ್ತಾನೆ ಎಂದುಕೊಂಡಳು, ಅವನು ಹಾದು ಹೊರಗೆ ಹೋದ. “ನಿನಗೇನ ಕಡಿಮಿ ಮಾಡಿದ್ವಿ ನಾವು? ಸಾಯೂವಷ್ಟು ಏನ ಕಡಿಮಿ ಮಾಡಿದ್ವಿ?” ಎಂದು ಅವ್ವ ಒಂದೇ ಸವನೆ ಕೇಳಿದಳು. ಅದು ಬೈಗುಳವೋ ಗೋಳೋ ಅವ್ವನಿಗೇ ತಿಳಿದಿರಲಿಲ್ಲ. ವೈನಿ ಮಾತ್ರ ಒಂದು ಮಾತೂ ಆಡಲಿಲ್ಲ. ಕೂಸನ್ನೆತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅದಾದ ಮೇಲೆ ಆ ಮನೆಯಲ್ಲಿ ದಾಕ್ಷಿಯೊಬ್ಬಳು ಇದ್ದೂ ಇಲ್ಲದವಳಾದಳು. ಕಾಲೇಜಿನಿಂದ ಡಿಗ್ರಿ ತಡೆಹಿಡಿದ ಆದೇಶ ಬಂತು. ಕೆಂಪು ಹಣೆಗೆ ಸರ್ಕಾರದ ಸಂದೇಶವೂ ಬಂತು: ದಿನಾ ನಡೆಯಿರಿ, ನೀರು ಹೆಚ್ಚು ಕುಡಿಯಿರಿ, ನಿಮ್ಮ ಆಪ್ತಸಲಹೆಯ ಸರದಿ ನಾಲ್ಕು ತಿಂಗಳ ನಂತರ. ಹೊಂಬಳ ಮೇಡಂ ದಿನಾ ಸಂಜೆ ಫೋನ್ ಮಾಡಿ, “ಉಂಡ್ಯಾ? ಮಕ್ಕೊಂಡ್ಯಾ?” ಎಂದು ಕೇಳಿ ಇಟ್ಟುಬಿಡುತ್ತಿದ್ದರು. ಅವರಿಗೆ ಅದಕ್ಕಿಂತ ಹೆಚ್ಚು ಬರುತ್ತಿರಲಿಲ್ಲ. ದಾಕ್ಷಿ ಹೂಂ ಎನ್ನುತ್ತಿದ್ದಳು. ಉಂಡಿರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಣ್ಣ ಅವಳ ಮುಖ ನೋಡದೆ, “ಸ್ವಲ್ಪ ದಿನ ರೋಣಕ್ಕ ಮೌಶಿ ಮನೀಗೆ ಹೋಗು. ಇಲ್ಲಿ ಆಕೀಗೂ ತ್ರಾಸ, ನಿನಗೂ ತ್ರಾಸ,” ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವನು ಕೆಲಸಕ್ಕೆ ಹೋದ ಮೇಲೆ ಅವಳು ಬ್ಯಾಗಿಗೆ ಎರಡು ಡ್ರೆಸ್ ತುರುಕಿದಳು. ಅವ್ವನ ತಂಗಿಯಾದ ಆ ಮೌಶಿಗೆ ಫೋನ್ ಮಾಡಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ರೈಲ್ವೆ ಗೇಟು ಬರುತ್ತದೆಂಬುದು ಮನಸ್ಸಿನಲ್ಲಿತ್ತು. ಅದರ ಬಗ್ಗೆ ಅವಳು ಯೋಚಿಸುತ್ತಿರಲಿಲ್ಲ, ಮನಸ್ಸಿನಲ್ಲಿತ್ತು ಅಷ್ಟೆ.

ಪಡಸಾಲೆಯಲ್ಲಿ ವೈನಿ ಗೋಡೆಗೊರಗಿ ಕೂತಿದ್ದಳು. ಕೂಸು ಹಟ ಬಿಟ್ಟು ಎದೆಗೆ ಹತ್ತಿಕೊಂಡು ಆಗಷ್ಟೇ ಎರಡು ದಿನವಾಗಿತ್ತು. ಚಪ್ಪರಿಸುವ ಸದ್ದು ಕೇಳಿಸುತ್ತಿತ್ತು. ದಾಕ್ಷಿ ಸದ್ದಾಗದಂತೆ ಹಾದು ಹೊಸ್ತಿಲ ತನಕ ಹೋಗಿದ್ದಳು.

“ಎಲ್ಲಿಗೆ?”

ಅಷ್ಟು ದಿನದಲ್ಲಿ ಮೊದಲ ಮಾತು ಅದು. ದಾಕ್ಷಿ ತಿರುಗಿದಳು. “ರೋಣಕ್ಕ್ರಿ. ಮೌಶಿ ಮನೀಗೆ.”

“ಮೌಶಿಗೆ ಗೊತ್ತೈತಿ, ನೀ ಬರೂದು?”

ದಾಕ್ಷಿ ಬ್ಯಾಗನ್ನು ಹೆಗಲಿಗೆ ಸರಿಸಿಕೊಂಡಳು. ವೈನಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಅಂದು ವ್ಯಾನಿನ ಮುಂದೆ ದಿಟ್ಟಿಸಿದ ಹಾಗೆಯೇ ನೋಡಿದಳು, ಆದರೆ ಈ ಸಲ ಕಣ್ಣು ಕೀಳಲಿಲ್ಲ.

“ಅಲ್ಲಿ ಒಳಗ ನನಗ ದಿನಾ ಹೇಳ್ತಿದ್ರು,” ಎಂದಳು. “ಕೆಂಪು ಅಂದ್ರ ಏನು, ಕೆಂಪಾದವರು ಏನ ಮಾಡ್ಕೋತಾರ, ಎಲ್ಲಾ ಬಿಡಿಸಿ ಹೇಳ್ತಿದ್ರು. ನನಗ ಅದರ ಸಂಬಂಧ ಇರಲಿಲ್ಲ. ನಿಂದು ಅದು. ನಿನ್ನ ಪಾಠ ನಾ ಕೇಳಿ ಬಂದೀನಿ.”

“ವೈನಿ, ನನ್ನ ತಪ್ಪು…”

“ಸುಮ್ನಿರು. ತಪ್ಪು ಒಪ್ಪಾಕ ಬಾ ಅಂತ ನಾ ಕರದಿಲ್ಲ.” ವೈನಿಯ ದನಿ ಗಡುಸಾಗಿತ್ತು, ಕಣ್ಣು ತುಂಬಿತ್ತು. “ನನಗ ನಿನ್ನ ಮ್ಯಾಲೆ ಸಿಟ್ಟೈತಿ, ದಾಕ್ಷಿ. ಸಣ್ಣ ಸಿಟ್ಟಲ್ಲ. ನಿನ್ನ ಮಾರಿ ನೋಡಿದ್ರ ಮೈ ಉರೀತೈತಿ. ಅದು ಇಳ್ಯಾಕ ವರ್ಷ ಹಿಡದೀತು, ಹತ್ತು ವರ್ಷ ಹಿಡದೀತು. ಈ ಕೂಸು ದೊಡ್ಡಾಕಿ ಆದ ಮ್ಯಾಲೆ ಆಕೀಗೂ ಹೇಳಾಕಿ ನಾನು, ನಿಮ್ಮತ್ತಿ ಹಿಂಗ ಮಾಡಿದ್ಲು ಅಂತ. ಆಗ ಆಕೀ ಮುಂದ ನಿಂತು ನೀನ ಜವಾಬು ಕೊಡಬೇಕು, ನಿನ್ನ ಬದ್ಲಿ ನಾ ಕೊಡಾಕಿ ಅಲ್ಲ. ಅಲ್ಲೀತನಕ ನೀ ಎಲ್ಲೂ ಹೋಗೂ ಹಂಗಿಲ್ಲ. ತಿಳೀತೇನು? ಎಲ್ಲೂ ಅಂದ್ರ ಎಲ್ಲೂ.”

ಅಪ್ಪ ಸತ್ತಾಗ ಅಳದ ದಾಕ್ಷಿ ಹೊಸ್ತಿಲಲ್ಲೇ ಕುಸಿದು ಕೂತಳು. ಅಳು ಎಲ್ಲಿಂದ ಬಂತೋ, ನಿಲ್ಲಲೇ ಇಲ್ಲ. ವೈನಿ ಸಮಾಧಾನ ಮಾಡಲಿಲ್ಲ, ಕೂಸನ್ನೂ ಅವಳ ಕೈಗೆ ಕೊಡಲಿಲ್ಲ. ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು ಎದ್ದು ಬಂದು, ಕಾಲಿನಿಂದ ಬ್ಯಾಗನ್ನು ಒಳಗೆ ಎಳೆದಳು.

“ಅತ್ತು ಮುಗಿಸಿ ಒಳಗ ಬಾ,” ಎಂದಳು. “ನಿನ್ನೆನೂ ಉಂಡಿಲ್ಲ ನೀನು, ನಾ ನೋಡೀನಿ.”